ಕಹಿ ಮರಳಿದ ಗಿಡ

ಮೇಕೆ ಚಿಗುರಿಗೆ ಮೂತಿ ತಾಗಿಸಿತು, ಸೀನಿತು, ಹಿಂದೆ ಸರಿಯಿತು. ಎರಡನೆಯದೂ ಹಾಗೆಯೇ ಮಾಡಿತು. ಬೇಲಿಯಾಚೆ ನಿಂತಿದ್ದ ಡಾ. ಮೃಣಾಲಿನಿ ಶಾನಭಾಗಳಿಗೆ ಕುಣಿಯುವಷ್ಟು ಸಂತೋಷವಾಯಿತು. ಅವಳ ಸುಪ್ತಬೋಧಕ ಯಂತ್ರ ಕೆಲಸ ಮಾಡಿತ್ತು.

ಕರಿಕುದ್ರು ಜ್ವಾಲಾಮುಖಿಯಿಂದ ನಡುಗಡಲಿನಲ್ಲಿ ಎದ್ದ ದ್ವೀಪ; ಯಾವ ನೆಲಕ್ಕೂ ಅದು ಎಂದೂ ಅಂಟಿಕೊಂಡಿರಲಿಲ್ಲ. ಎಂದೋ ಗಾಳಿ ತಂದ, ವಿಷಗಿಡ ಕಣಗಿಲೆಯ ಕೆಲವೇ ಬೀಜಗಳಿಂದ ಅಲ್ಲಿ ಬಿಳಿಚಿಗುರು ಎಂಬ ಹೊಸ ಗಿಡವೇ ವಿಕಾಸವಾಯಿತು. ಮೇಯುವ ಪ್ರಾಣಿಯೇ ಇಲ್ಲದ ಕಡೆ ವಿಷವೇಕೆ? ಲಕ್ಷಾಂತರ ವರ್ಷಗಳಲ್ಲಿ ಅದರ ವಿಷದ ವಂಶವಾಹಿ, ಅಂದರೆ ವಿಷ ತಯಾರಿಸುವ ಅಪ್ಪಣೆಯನ್ನು ಹೊತ್ತ ಎಳೆ, ನಿದ್ದೆಹೋಯಿತು. ಆಮೇಲೆ ಮನುಷ್ಯರು ಬಂದರು, ಮೇಕೆ ತಂದರು. ಈಗ ಉಳಿದದ್ದು ಒಂದು ಬಂಡೆಯ ಮೇಲಿನ ಗಿಡಗಳಷ್ಟೆ, ಅವೂ ಅವಳಿಜವಳಿಗಳಂತೆ ಒಂದೇ ಬಗೆಯವು. ವೈವಿಧ್ಯವಿದ್ದಿದ್ದರೆ ಯಾವುದೋ ಒಂದರಲ್ಲಾದರೂ ಕಹಿ ಉಳಿದಿರುತ್ತಿತ್ತು. ಉಳಿಯದ್ದರಿಂದ ಸೂಕ್ಷ್ಮ ಕಣಗಳನ್ನು ಸಿಂಪಡಿಸಿ ಮಲಗಿದ ವಂಶವಾಹಿಯನ್ನು ಎಬ್ಬಿಸುವ ಈ ಯಂತ್ರ ಬೇಕಾಯಿತು. ದ್ವೀಪದ ಸಂಶೋಧನಾ ಕೇಂದ್ರದ ಅಡುಗೆಯ ಗಜಾನನ ಭಟ್ಟರು ಅದನ್ನು ‘ಸುಪ್ರಭಾತ’ ಎನ್ನುತ್ತಿದ್ದರು.

ಮೃಣಾಲಿನಿ ಊಟದ ಕೋಣೆಗೆ ಬಂದಾಗ ಸಹೋದ್ಯೋಗಿ ವಿಲಾಸ ನಾಯಕ ಮೇಜಿಗೆ ತಲೆಯಿಟ್ಟು ಕೂತಿದ್ದ.

“ಏನಾಯ್ತೋ?”

“ಹೊಟ್ಟೆ ತೊಳಸ್ತದೆ ಮೃಣಾಲಕ್ಕ. ಎಲ್ಲಾ ಹಳದಿ ಕಾಣ್ತದೆ. ತಂಬುಳಿ ಸ್ವಲ್ಪ ಕಹಿ ಇತ್ತು.”

ಅವಳು ಅಡುಗೆಮನೆಯತ್ತ ತಿರುಗಿದಳು. “ಭಟ್ರೇ, ತಂಬುಳಿಗೆ ಯಾವ ಸೊಪ್ಪು ಅರೆದ್ರಿ?”

“ಬಿಳಿಚಿಗುರೇ ಅಮ್ಮ. ಬೆಳಿಗ್ಗೆ ಸಸಿಮಡೀಲಿ ನೀವು ತುದಿ ಕತ್ತರಿಸಿ ಬುಟ್ಟಿಗೆ ಹಾಕಿದ್ರಲ್ಲ. ಯಾವಾಗ್ಲೂ ಅದನ್ನೇ ಅಲ್ವಾ ನಾ ತರೂದು?”

“ರುಚಿ ನೋಡ್ಲಿಲ್ವಾ?”

“ನೈವೇದ್ಯ ಆಗ್ದೆ ನಾ ಯಾವತ್ತು ಬಾಯಿಗೆ ಹಾಕಿದ್ದೆ? ಆದ್ಮೇಲೂ ಬಡಿಸಿ ಮುಗಿದ ಮೇಲೇ ನನ್ನ ಊಟ.”

“ಕಹಿ ಅಂತ ಗೊತ್ತಾಗಿಯೂ ಕುಡಿದ್ಯಲ್ಲ ವಿಲಾಸ.”

“ಬಡಿಸಿದವ್ರ ಎದುರು ಊಟಕ್ಕೆ ಕುಂದು ಹೇಳೂಕೆ ಆಗ್ತದಾ?” ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಒಬ್ಬರ ಮಡಿ, ಒಬ್ಬನ ಸಂಕೋಚ. ಇವೆರಡನ್ನೂ ಬಲ್ಲ ಮೃಣಾಲಿನಿ ಗಿಡದಲ್ಲಿ ವಿಷ ಎಬ್ಬಿಸುತ್ತಿರುವ ಸಂಗತಿಯನ್ನು ರಾಜಧಾನಿಗೆಲ್ಲ ತಿಳಿಸಿದ್ದಳು, ಪಕ್ಕದ ಅಡುಗೆಮನೆಗೆ ತಿಳಿಸಿರಲಿಲ್ಲ.

ವಿಲಾಸನ ನಾಡಿ ನಿಧಾನವಾಗಿತ್ತು, ನಡುನಡುವೆ ತಪ್ಪುತ್ತಿತ್ತು. ಹೆಲಿಕಾಪ್ಟರ್ ಸಂಜೆಗೆ ಮೊದಲು ಬರುವಂತಿರಲಿಲ್ಲ. ಫೋನಿನಲ್ಲಿ ಸಿಕ್ಕ ವೈದ್ಯರು, “ಕಣಗಿಲೆ ವಿಷವೇ ಆದ್ರೆ ಔಷಧಿ ಇದ್ದಿಲಪುಡಿ ಕುಡಿಸಿ, ನಾಡಿ ಏರೋಕೆ ಅಟ್ರೋಪಿನ್ ಚುಚ್ಚಿ. ಅದೇ ವಿಷ ಅಂತ ಖಾತ್ರಿ ಇದ್ಯಾ?” ಎಂದರು.

ಖಾತ್ರಿ ಎಲ್ಲಿಂದ ಬರಬೇಕು? ಲಕ್ಷಾಂತರ ವರ್ಷಗಳ ಹಿಂದೆ ಪಾಲಾಗಿ ಹೋದ ದಾಯಾದಿ ಗಿಡ ಇದು. ಮಲಗಿದಲ್ಲೇ ವಂಶವಾಹಿ ಬದಲಾಗಿದ್ದರೆ ಈ ವಿಷಕ್ಕೆ ಭೂಮಿಯ ಮೇಲೆ ಮದ್ದೇ ಇರಲಿಕ್ಕಿಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಇದ್ದಿಲಪುಡಿ ಕಲಸಿ ಕುಡಿಸಿದಳು, ಸೂಜಿ ಚುಚ್ಚಿದಳು.

ನಾಡಿ ಇನ್ನೂ ಇಳಿಯಿತು. ಭಟ್ಟರು ವಿಲಾಸನ ಪಾದ ತಿಕ್ಕುತ್ತ, “ನನ್ನ ಕೈಯಾರೆ ಬಡಿಸಿದೆನಲ್ಲೋ ಮಗನೆ” ಎನ್ನುತ್ತಿದ್ದರು. ಮೃಣಾಲಿನಿ ಮತ್ತೊಮ್ಮೆ ಸೂಜಿ ಚುಚ್ಚಿ, ಅವನ ಮಣಿಕಟ್ಟು ಬಿಡದೆ ಹಿಡಿದು ಕೂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಡಿತ ಒಂದಕ್ಕೊಂದು ಹತ್ತಿರವಾಗತೊಡಗಿತು. ದಾಯಾದಿಗಳ ವಿಷ ಒಂದೇ ಆಗಿ ಉಳಿದಿತ್ತು.

ಮರುದಿನ ವಿಲಾಸ ದಡದ ಆಸ್ಪತ್ರೆಯಲ್ಲಿ ಗಂಜಿ ಕುಡಿದನೆಂಬ ಸುದ್ದಿ ಬಂತು. ಭಟ್ಟರು ಸಸಿಮಡಿಗಳ ಎದುರು ನಿಂತು, “ಇದನ್ನ ಸುಟ್ಟುಬಿಡಿ ಅಮ್ಮ” ಎಂದರು.

“ತನ್ನನ್ನ ತಿನ್ನಬೇಡಿ ಅಂತ ಹೇಳ್ತು ಅಷ್ಟೆ ಭಟ್ರೇ, ಅದರದ್ದೇನು ತಪ್ಪು? ನಮ್ಮಜ್ಜಿ ಕಾಲದವ್ರು ಸೌತೆ, ಬದನೆ, ಭತ್ತ ಎಲ್ಲದ್ರಲ್ಲೂ ರುಚಿಯಾದ ಒಂದೇ ತಳಿ ಇಟ್ಕೊಂಡು ಉಳಿದದ್ದನ್ನ ಬಿಟ್ಟುಬಿಟ್ರು. ಎಷ್ಟು ತಳಿ ಇತ್ತಂತೆ ಆಗ ಅವ್ರ ಕೈಯಲ್ಲಿ. ಒಂದು ಹಿಡಿ ಬೀಜ ತೆಗೆದಿಟ್ಟಿದ್ರೆ ಸಾಕಿತ್ತು. ಈಗ ಅವುಗಳ ಗುಣಗಳನ್ನೂ ಹೀಗೇ ಒಂದೊಂದಾಗಿ ಎಬ್ಬಿಸ್ಬೇಕು, ಯಾವುದು ಏನಾಗಿ ಏಳ್ತದೋ ಗೊತ್ತಿಲ್ಲ.”

ಭಟ್ಟರು ಒಳಗೆ ಹೋದರು. ಆ ಮಧ್ಯಾಹ್ನ ದೇವರ ಮುಂದೆ ಎಲೆ ಇಡುವ ಮೊದಲು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದರು. ಬಾಗಿಲಲ್ಲಿ ನಿಂತ ಮೃಣಾಲಿನಿಯನ್ನು ಕಂಡು, “ದೇವ್ರಿಗೆ ವಿಷ ತಾಗೂದಿಲ್ಲ ಅಮ್ಮ,” ಎಂದರು. “ಮಕ್ಕಳಿಗೆ ತಾಗ್ತದೆ.”