ಕೇಳದೆ ಇಟ್ಟ ಬೆರಳು

ವಜೀಹ್ ಕೈ ತೊಳೆಯಲು ಹೊರಗೆ ಹೋದದ್ದು ಎರಡೇ ನಿಮಿಷ. ಅಷ್ಟರಲ್ಲಿ ರಾವಿಯಾ ಮಾಡಬಾರದ್ದನ್ನು ಮಾಡಿ ಮುಗಿಸಿದ್ದಳು.

ಅಲೆಕ್ಸಾಂಡ್ರಿಯಾದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ ಮೂರಕ್ಕೆ ಆರು ಜನ ಸೇರುತ್ತಿದ್ದರು. ಚಿತ್ರಕಾರರಾಗುವ ಆಸೆ ಯಾರಿಗೂ ಇರಲಿಲ್ಲ. ಬಾಯಿಯಲ್ಲಿ ಹೇಳಲಾಗದ್ದನ್ನು ಕಾಗದದ ಮೇಲೆ ಇಳಿಸಿದರೆ ಎದೆ ಸ್ವಲ್ಪ ಹಗುರಾಗಬಹುದೆಂದು ಬಂದವರು ಅವರು. ಗುಂಪನ್ನು ನಡೆಸುತ್ತಿದ್ದ ಇಜ್ಲಾಲ್ ಚಿತ್ರ ಚಿಕಿತ್ಸೆ ಕಲಿತ ಹೆಂಗಸು. ಎಲ್ಲರೂ ಅವರನ್ನು ‘ದಕ್ತೂರಾ’, ಅಂದರೆ ಡಾಕ್ಟರಮ್ಮ, ಎಂದೇ ಕರೆಯುತ್ತಿದ್ದರು. ಚಿತ್ರ ಚೆನ್ನಾಗಿದೆ ಎಂದಾಗಲಿ, ಕೆಟ್ಟಿದೆ ಎಂದಾಗಲಿ ಅವರು ಒಮ್ಮೆಯೂ ಹೇಳಿದವರಲ್ಲ.

ಆದರೆ ಮೂರು ನಿಯಮಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಹನ್ನೆರಡು ವಾರ ಮುಗಿಯುವವರೆಗೆ ಹೊರಗೆ ಭೇಟಿಯಿಲ್ಲ, ಫೋನಿಲ್ಲ, ಎದುರಾದರೆ ಬಂದು ಗುಂಪಿಗೆ ಹೇಳಬೇಕು. ಒಂದೇ ಸಮ ಮೂರು ವಾರ ತಪ್ಪಿಸಿದವರಿಗೆ ಮತ್ತೆ ಜಾಗವಿಲ್ಲ. ಇನ್ನೊಬ್ಬರ ಕಾಗದದ ಮೇಲೆ ಕೇಳದೆ ಬೆರಳೂ ಇಡಬಾರದು.

ರಾವಿಯಾ ಮುರಿದದ್ದು ಈ ಕೊನೆಯದನ್ನು.

ವಜೀಹ್ ಟ್ರಾಮ್ ಓಡಿಸುತ್ತಿದ್ದವನು, ಆ ಊರಲ್ಲಿ ಚಾಲಕರನ್ನು ಕರೆಯುವಂತೆ ಎಲ್ಲರ ಬಾಯಲ್ಲೂ ‘ಉಸ್ತಾ’. ಕಳೆದ ವರ್ಷ ಅವನು ಓಡಿಸುತ್ತಿದ್ದ ಟ್ರಾಮಿನಿಂದ ಹಾರಿದ ಒಬ್ಬಾತ ಜಾರಿ ಚಕ್ರಕ್ಕೆ ಸಿಕ್ಕು ಸತ್ತ. ಚಾಲಕನ ತಪ್ಪಿಲ್ಲವೆಂದು ತನಿಖೆಯವರು ಬರೆದುಕೊಟ್ಟರು. ವಜೀಹನ ಕೈಗಳು ಮಾತ್ರ ಅದನ್ನು ಒಪ್ಪಲಿಲ್ಲ, ಟ್ರಾಮ್ ಓಡಿಸುವ ಹಿಡಿಕೆ ಮುಟ್ಟಿದರೆ ನಡುಗುತ್ತಿದ್ದವು. ಅವನನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸಿದ್ದರು. ಏಳು ವಾರ ಅವನು ಬರೀ ಹಳಿಗಳನ್ನು ಬರೆದ. ಎಂಟನೆಯ ಸೋಮವಾರ, ಹಳಿಗಳ ನಡುವೆ, ಮೊದಲ ಬಾರಿಗೆ ಇದ್ದಿಲಿನಿಂದ ಅಂಗೈಯಗಲದ ಒಂದು ಕಪ್ಪು ಜಾಗ ಮಾಡಿದ.

ರಾವಿಯಾ ಮದುವಣಗಿತ್ತಿಯರಿಗೆ ಮೇಕಪ್ ಮಾಡುವವಳು. ಕಣ್ಣಡಿಯ ಕಪ್ಪು, ಮೊಡವೆ, ಹಳೆಯ ಗಾಯ, ಏನಿದ್ದರೂ ಕಾಣದಂತೆ ಮಾಡುವುದೇ ಅವಳ ಕಸುಬು. ಏಳು ವಾರ ಅವಳು ಬರೆದದ್ದು ಬರೀ ಸುಂದರ ಮುಖಗಳನ್ನು.

“ಮದಾಮ್ ರಾವಿಯಾ, ಹದಿನಾರು ವರ್ಷ ಟ್ರಾಮ್ ಓಡಿಸಿದೀನಿ. ಇಷ್ಟು ನೆಟ್ಟಗಿರೋ ಮೂಗು ಒಂದೂ ಹತ್ತಲಿಲ್ಲ,” ಎಂದಿದ್ದ ವಜೀಹ್ ಒಮ್ಮೆ.

“ನೀವು ಮುಂದೆ ನೋಡ್ಕೊಂಡು ಓಡಿಸೋರು, ಉಸ್ತಾ. ಹತ್ತಿದೋರ ಮೂಗು ನಿಮಗೆಲ್ಲಿ ಕಾಣುತ್ತೆ?”

“ಕನ್ನಡಿ ಇದೆಯಲ್ಲ,” ಎಂದು ಅವನು ಪೆನ್ಸಿಲ್ ಚೂಪು ಮಾಡಿ ಅವಳ ಮುಂದಿಟ್ಟಿದ್ದ. ಅಂದಿನಿಂದ ಪ್ರತಿ ಸೋಮವಾರ ಅವಳ ಜಾಗದಲ್ಲಿ ಚೂಪಾದ ಪೆನ್ಸಿಲ್ ಕಾದಿರುತ್ತಿತ್ತು. ಅವಳು ಥ್ಯಾಂಕ್ಸ್ ಹೇಳುತ್ತಿರಲಿಲ್ಲ, ಒಮ್ಮೆ ಕಣ್ಣೆತ್ತಿ ನೋಡುತ್ತಿದ್ದಳು. ಅವನು ಬೇಕೆಂದೇ ಕಿಟಕಿಯ ಕಡೆ ತಿರುಗುತ್ತಿದ್ದ. ಕಿವಿ ಕೆಂಪಾದದ್ದನ್ನು ಮಾತ್ರ ಅಡಗಿಸಲು ಬರುತ್ತಿರಲಿಲ್ಲ. ನಿವೃತ್ತ ಗುಮಾಸ್ತ ಹಾಜಿ ಫಿಕ್ರಿ ಇದನ್ನೆಲ್ಲ ನೋಡಿಯೂ ನೋಡದವರಂತೆ ಕೆಮ್ಮುತ್ತಿದ್ದರು. ಕಾಲೇಜು ಹುಡುಗಿ ಮಯಾರ್ ಅಷ್ಟೂ ಕಷ್ಟಪಡುತ್ತಿರಲಿಲ್ಲ, ನೇರವಾಗಿ ನಗುತ್ತಿದ್ದಳು.

ಎಂಟನೆಯ ವಾರ ಉದ್ದನೆಯ ಒಂದೇ ಹಾಳೆಯಲ್ಲಿ ಎಲ್ಲರೂ ತಮ್ಮ ತಮ್ಮ ಪಾಲಿನಲ್ಲಿ ಬರೆಯುತ್ತಿದ್ದರು. ಪಕ್ಕದ ಪಾಲಿನ ಆ ಕಪ್ಪು ರಾವಿಯಾಳ ಕಣ್ಣಿಗೆ ಬಿತ್ತು. ಅವನಿಗೆ ಎಷ್ಟು ನೋವಿದೆಯೋ ಅನ್ನಿಸಿತು. ಬಿಳಿ, ಹಳದಿ, ಚೂರು ಕೆಂಪು ಬೆರೆಸಿದಳು. ಮದುಮಗಳ ಕಣ್ಣಡಿಗೆ ಹಚ್ಚುವಂತೆಯೇ ಉಂಗುರದ ಬೆರಳಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಆ ಕಪ್ಪನ್ನು ಅರ್ಧ ಮುಚ್ಚಿದಳು.

ವಜೀಹ್ ಬಂದು ನೋಡಿದ. ಮುಖ ಬಿಳಿಚಿಕೊಂಡಿತು.

“ಸತ್ತೋನು ಅಲ್ಲಿದ್ದ,” ಎಂದ. “ಅವನನ್ನ ಒಂದು ವರ್ಷದಿಂದ ಎಲ್ಲರೂ ಮುಚ್ತಾನೇ ಬಂದ್ರು. ನೀವೂನಾ?”

ಕೋಟು ತೆಗೆದುಕೊಂಡು ಮೆಟ್ಟಿಲಿಳಿದುಬಿಟ್ಟ.

ಒಂಬತ್ತನೆಯ ಸೋಮವಾರ ಅವನು ಬರಲಿಲ್ಲ. ದಕ್ತೂರಾ ಅವನ ಕುರ್ಚಿಯನ್ನು ಅದರ ಜಾಗದಲ್ಲೇ ಇಟ್ಟು, ಮೇಜಿನ ಮೇಲೆ ಅವನ ಚಿತ್ರಗಳ ಫೈಲ್ ಇಟ್ಟರು. ರಾವಿಯಾಳ ಮುಂದೆ ಮೊಂಡು ಪೆನ್ಸಿಲ್ ಇತ್ತು. ಅವನಿಗೆ ಒಂದು ಮಾತು ತಲುಪಿಸಿ ಎಂದು ಅವಳು ಅಂಗಲಾಚಿದಳು. ತಾನು ಒಮ್ಮೆ ಫೋನ್ ಮಾಡಿ ಜಾಗ ಇನ್ನೂ ಇದೆ ಎಂದು ಹೇಳುತ್ತೇನೆ, ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ ಎಂದರು ದಕ್ತೂರಾ. ಆಮೇಲೆ ಮೆತ್ತಗೆ ಕೇಳಿದರು:

“ಆ ಬೆರಳು ಮೊಟ್ಟಮೊದಲು ಯಾರ ಮುಖ ಮುಚ್ಚಿತು, ರಾವಿಯಾ?”

ಆ ಪ್ರಶ್ನೆಯನ್ನು ಅವಳು ವಾರವಿಡೀ ಹೊತ್ತು ತಿರುಗಿದಳು. ಹತ್ತನೆಯ ಸೋಮವಾರವೂ ಅವನ ಕುರ್ಚಿ ಖಾಲಿ. ಅವಳು ಅಂದು ಒಂದು ಮುಖ ಬರೆದಳು. ಮೂಗು ನೆಟ್ಟಗಿರಲಿಲ್ಲ, ಅದು ಅವಳದೇ ಮೂಗು. ಎಡಗಣ್ಣಿನ ಕೆಳಗೆ ನೀಲಿ ಬಾವು. ಬಿಟ್ಟುಹೋದ ಗಂಡ ಮೊದಲ ಸಲ ಕೈಯೆತ್ತಿದ ಮಾರನೆಯ ಬೆಳಗ್ಗೆ, ಅದನ್ನು ಮುಚ್ಚಿಕೊಂಡು ಅವಳು ಮೂವರು ಮದುವಣಗಿತ್ತಿಯರಿಗೆ ಮೇಕಪ್ ಮಾಡಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ. ತಾನೆಂಥ ನಿಪುಣೆ ಎಂದು ಅಂದು ಹೆಮ್ಮೆಯೂ ಪಟ್ಟಿದ್ದಳು. ಈಗ ಉಂಗುರದ ಬೆರಳು ತಾನಾಗಿ ಬಿಳಿ ಬಣ್ಣದತ್ತ ಹೋಯಿತು. ಅವಳು ಅದನ್ನು ಮಡಚಿ ಮುಷ್ಟಿಯೊಳಗೆ ಹಿಡಿದುಕೊಂಡು ಅತ್ತಳು. ಮಯಾರ್ ಎದ್ದು ಬಂದು ಪಕ್ಕದಲ್ಲಿ ಕುಳಿತಳು.

ಇನ್ನು ಒಂದು ಸೋಮವಾರ ತಪ್ಪಿದರೆ ಅವನ ಜಾಗ ಹೋಗುತ್ತದೆ. ಗುರುವಾರ ಅವಳ ಕಾಲುಗಳು ಅವಳ ಮಾತು ಕೇಳಲಿಲ್ಲ. ನೇರವಾಗಿ ಟ್ರಾಮ್ ನಿಲ್ದಾಣಕ್ಕೆ ನಡೆದಳು. ಕಿಟಕಿಯ ಹಿಂದೆ ಅವನಿದ್ದ, ಗಡ್ಡ ಬಿಟ್ಟಿದ್ದ. ತಲೆಯೆತ್ತಿ ನೋಡಿದ. ಕ್ಷಮಿಸಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಇಲ್ಲಿಯೂ ಕೇಳದೆ ಅವನ ಜಾಗಕ್ಕೆ ಬಂದು ನಿಂತಿದ್ದೇನೆ ಎನ್ನುವುದು ಆಗ ಹೊಳೆಯಿತು.

“ಒಂದು,” ಎಂದಳು.

ಟಿಕೆಟ್ ತೆಗೆದುಕೊಂಡು, ಟ್ರಾಮ್ ಹತ್ತದೆ, ಮನೆಯವರೆಗೂ ನಡೆದೇ ಹೋದಳು.

ಹನ್ನೊಂದನೆಯ ಸೋಮವಾರ ಮೂರು ಗಂಟೆಗೆ ಅವನಿಲ್ಲ. ಮೂರೂಕಾಲಿಗೂ ಇಲ್ಲ. ಹಾಜಿ ಫಿಕ್ರಿ ಕೆಮ್ಮುವುದನ್ನೂ ಮರೆತು ಬಾಗಿಲನ್ನೇ ನೋಡುತ್ತಿದ್ದರು. ರಾವಿಯಾ ನಿಯಮದಂತೆ ಗುರುವಾರದ ಸಂಗತಿಯನ್ನು ಎಲ್ಲರ ಮುಂದೆ ಹೇಳಿದಳು: ಹೋದೆ, ಟಿಕೆಟ್ ಕೊಂಡೆ, ಒಂದು ಎಂದೆ, ಬೇರೇನೂ ಹೇಳಲಿಲ್ಲ.

“ನಿಜ,” ಎಂದಿತು ಬಾಗಿಲ ಬಳಿಯ ದನಿ. “ಒಂದು ಅಂತ ಅಷ್ಟೇ ಅಂದ್ರು. ಚಿಲ್ಲರೇನೂ ಅಲ್ಲೇ ಬಿಟ್ಟು ಹೋದ್ರು.”

ವಜೀಹ್ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ದಕ್ತೂರಾ ಎಂಟನೆಯ ವಾರದ ಉದ್ದನೆಯ ಹಾಳೆಯನ್ನು ಬಿಚ್ಚಿದರು. ಅರ್ಧ ಕಪ್ಪು, ಅರ್ಧ ಮೈಬಣ್ಣದ ಆ ಜಾಗವನ್ನು ಅವನು ಬಹಳ ಹೊತ್ತು ನೋಡಿದ. ರಾವಿಯಾ ಅವನ ಕಡೆ ತಿರುಗಿದಳು.

“ಅದು ನಿಮ್ಮ ಜಾಗ, ಉಸ್ತಾ. ಕೇಳದೆ ಒಳಗೆ ಬಂದೆ. ತಪ್ಪು ನನ್ನದು.”

“ಯಾಕೆ ಮುಚ್ಚಿದ್ರಿ?”

ಅವಳು ತನ್ನ ಫೈಲ್ ತೆರೆದು, ನೀಲಿ ಬಾವಿನ ಮುಖವನ್ನು ತೆಗೆದು ಅವನ ಕಡೆ ತಿರುಗಿಸಿ ಇಟ್ಟಳು. ಅವನ ಕಣ್ಣು ಚಿತ್ರದಿಂದ ಅವಳ ಎಡಗೆನ್ನೆಗೆ, ಅಲ್ಲಿಂದ ಮತ್ತೆ ಚಿತ್ರಕ್ಕೆ ಹೋಯಿತು. ಅವನು ಕನಿಕರ ತೋರಿಸಿದರೆ ಸಾಕು, ತಾನು ಇಲ್ಲಿಂದ ಎದ್ದು ಹೋಗುವವಳೇ. ಅವನ ಬೆರಳು ಆ ನೀಲಿಯತ್ತ ಬಂದು, ಕಾಗದದ ಅಂಚಿನಲ್ಲೇ ನಿಂತಿತು.

“ನಾನು ಇದನ್ನ ಮುಚ್ಚಲ್ಲ,” ಎಂದ ವಜೀಹ್. “ನೋಡ್ತಾ ಕೂತಿರ್ತೀನಿ. ಕೂರಬಹುದಾ?”

“ಕೂರಿ,” ಎಂದಳು ರಾವಿಯಾ.

ನಂತರ ಅವನು ಇದ್ದಿಲು ತೆಗೆದುಕೊಂಡು ತನ್ನ ಜಾಗವನ್ನು ಮತ್ತೆ ಕಪ್ಪು ಮಾಡಿದ. ಅಂಚಿನಲ್ಲಿ ಅವಳ ಬೆರಳ ಗುರುತೊಂದನ್ನು ಹಾಗೆಯೇ ಬಿಟ್ಟ. ಕೈ ನಡುಗುತ್ತಿರಲಿಲ್ಲ. ಅದನ್ನು ಮೊದಲು ಕಂಡವಳು ಮಯಾರ್.

ಹನ್ನೆರಡನೆಯ ಸೋಮವಾರ ಎಲ್ಲರೂ ತಮ್ಮ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಹರಡಿ ನೋಡಿ, ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿದರು. ರಾವಿಯಾ ಸುಂದರಿಯರನ್ನೆಲ್ಲ ಬಿಟ್ಟು ಒಂದೇ ಮುಖ ತೆಗೆದುಕೊಂಡಳು. ನಾಲ್ಕೂವರೆಗೆ ದಕ್ತೂರಾ ಎದ್ದುನಿಂತು, ಗುಂಪು ಮುಗಿಯಿತು ಎಂದರು.

ರಾವಿಯಾ ಇಳಿದು ಬರುವಾಗ ಮೆಟ್ಟಿಲಲ್ಲಿ ವಜೀಹ್ ಗೋಡೆಗೊರಗಿ ಗಡಿಯಾರ ನೋಡುತ್ತ ನಿಂತಿದ್ದ.

“ನಾಲ್ಕು ಮೂವತ್ತೆರಡು,” ಎಂದ. “ಈಗ ಮಾತಾಡಿದ್ರೆ ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ ಅಲ್ವಾ?”

“ಹಾಜಿ ಫಿಕ್ರಿ ಮೇಲಿಂದ ಕೇಳಿಸ್ಕೋತಾ ಇದಾರೆ.”

ಮೇಲೆ ಜೋರಾದ ಕೆಮ್ಮು ಕೇಳಿಸಿತು.

“ನಾಳೆ ಬೆಳಗ್ಗೆ ಏಳಕ್ಕೆ ಹಿಡಿಕೆ ಹಿಡೀತೀನಿ. ಒಂದು ವರ್ಷ ಆದ್ಮೇಲೆ. ಹೆಂಗಸರ ಬೋಗಿ ನನ್ನ ಬೆನ್ನ ಹಿಂದೇನೇ ಇರುತ್ತೆ,” ಎಂದ ಅವನು. “ನೀವು ಅಂದ್ರೆ ನನಗೆ ತುಂಬಾ ಇಷ್ಟ, ರಾವಿಯಾ. ನಾಳೆ ಅಲ್ಲಿರ್ತೀರಾ? ಕೇಳ್ತಾ ಇದೀನಿ.”

ಹೀಗೆ ಅವಳನ್ನು ಮೊದಲು ಕೇಳಿದವರು ಅವಳ ಬದುಕಿನಲ್ಲಿ ಕಡಿಮೆ. ಅವಳು ಪರ್ಸು ತೆರೆದು, ಗುರುವಾರದ ಆ ಬಳಸದ ಟಿಕೆಟನ್ನು ತೆಗೆದು ತೋರಿಸಿದಳು.

“ಹಳೇದು ನಡೆಯುತ್ತಾ, ಉಸ್ತಾ?”

“ನಡೆಯಲ್ಲ,” ಎಂದ ವಜೀಹ್, ನಗುತ್ತ. “ಹೊಸದು ತಗೋಬೇಕು.”

ಮಾರನೆಯ ಬೆಳಗ್ಗೆ ಏಳಕ್ಕೆ ಅವಳು ಹೊಸ ಟಿಕೆಟ್ ಹಿಡಿದು, ಮುಖಕ್ಕೆ ಏನನ್ನೂ ಹಚ್ಚದೆ, ಅವನ ಬೆನ್ನ ಹಿಂದಿನ ಹೆಂಗಸರ ಬೋಗಿ ಹತ್ತಿದಳು. ಕನ್ನಡಿಯಲ್ಲಿ ಅವನು ಅವಳನ್ನು ನೋಡಿದ. ನಂತರ ಮುಂದೆ ನೋಡಿ ಟ್ರಾಮ್ ಹೊರಡಿಸಿದ.