ಸುಳ್ಳೂರಿನ ಕಂಬಗಳು

"ಆ ಕಂಬಕ್ಕ ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಹಚ್ಚಿದವರ ಕೈ ಅವರ ಮಾತು ಕೇಳಂಗಿಲ್ಲ."

ಆದಮ್ಮ ಬಂಡಿಗೆ ಅಡ್ಡ ನಿಂತು ಇಷ್ಟು ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂಡಿಯಲ್ಲಿ ಕುಳಿತಿದ್ದ ಬಸವಂತರಾಯ ನಕ್ಕ. ೧೯೫೩ರ ಬೇಸಿಗೆ. ವಳಕಮದಿನ್ನಿಯ ಕಡೆ ಕಾಲುವೆ ಕೆಲಸ ನಡೆದಿತ್ತು. ಗುತ್ತಿಗೆದಾರನ ಮೇಸ್ತ್ರಿಯಾಗಿ ಬೆಳಗಾವಿಯಿಂದ ಹೊಸದಾಗಿ ಬಂದಿದ್ದ ಅವನಿಗೆ ಕೂಲಿಕಾರರ ಡೇರೆಗಳಿಗೆ ಕಂಬ ಬೇಕಾಗಿದ್ದವು. ಸಂತೆಕಲ್ಲೂರಿನಾಚೆಯ ಬೀಳು ನೆಲದಲ್ಲಿ ಕಬ್ಬಿಣದ ಕಂಬಗಳು ಕೇಳುವವರಿಲ್ಲದೆ ನಿಂತಿವೆಯೆಂದು ತಿಳಿದು ಹೊರಟಿದ್ದ. ಬಂಡಿ ಹೊಡೆಯುತ್ತಿದ್ದವನು ಆದಮ್ಮನ ಕಿರಿಮಗ ವೆಂಕೋಬ.

ಆ ಜಾಗಕ್ಕೆ ಊರವರು ಸುಳ್ಳೂರು ಎನ್ನುತ್ತಿದ್ದರು. ವಿಮಾನಗಳು ಬಾಂಬು ಹಾಕುತ್ತವೆಂಬ ಸುದ್ದಿ ಹಬ್ಬಿದ್ದ ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ಒಬ್ಬ ಜಮೀನ್ದಾರ ತನ್ನ ಮದ್ದುಗುಂಡಿನ ಗೋದಾಮನ್ನು ಕತ್ತಲಲ್ಲಿ ಅಡಗಿಸಿ, ಇಲ್ಲೊಂದು ಹುಸಿ ಊರು ಎಬ್ಬಿಸಿದ್ದ. ಕಂಬಕ್ಕೊಂದು ಕಂದೀಲು. ಬಿದಿರುತಟ್ಟಿಯ ಮನೆಗಳು. ನಡುವೆ ಸೀಮೆಎಣ್ಣೆ ಸುರಿದು ಬೆಂಕಿಯಿಟ್ಟ ಕಂದಕ. ಮೇಲಿನಿಂದ ನೋಡಿದವರು ಇದೇ ಊರೆಂದು ನಂಬಿ ಬಾಂಬು ಇಲ್ಲಿಗೇ ಹಾಕಬೇಕು. ದೀಪ ಹಚ್ಚುವ ಆಳುಗಳು ಓಡಿಹೋಗದಂತೆ ಅವರನ್ನು ಕಂಬಗಳಿಗೆ ಸರಪಳಿಯಿಂದ ಬಿಗಿಸಿದ್ದ. ವಿಮಾನಗಳು ಬಂದವು. ಮೋಸ ಹೋದವು.

"ನನ್ನ ಹಿರೇಮಗ ಪಂಪಣ್ಣ ಅಲ್ಲೇ ಸುಟ್ಟು ಕರಕಾದ್ನರಿ," ಎಂದಳು ಆದಮ್ಮ. "ಅವನ ಬೂದಿ ಕಲಸಿ ಗೊಂಬಿ ಮಾಡಿ ಕಂಬದ ಬುಡಕ್ಕ ಹೂತೀನಿ. ಜಮೀನ್ದಾರ ಕಂಬ ಕೀಳಾಕ ಬಂದಾಂವ ತನ್ನ ಮಗನ್ನ ತಾನೇ ಕಟ್ಟಿ ಸುಟ್ಟ. ಮಾಟ ನಂದೇ. ತೆಗಿಯಾಕ ನನಗ ಬರಂಗಿಲ್ಲ."

"ಮುದುಕಿ ನೆತ್ತಿಗಿ ಬಿಸಿಲು ಏರೈತಿ," ಎಂದ ಬಸವಂತರಾಯ. "ಹೊಡಿ ಬಂಡಿ."

ಆಕೆ ಮಗನ ಕೈ ಹಿಡಿದಳು. "ವೆಂಕ್ಯಾ, ನೀನರ ಕೇಳಪ್ಪ."

"ಕೂಲಿ ಬಿಟ್ರ ಉಣ್ಣೂದೇನಬೇ?" ಎಂದು ವೆಂಕೋಬ ಮೆಲ್ಲಗೆ ಕೈ ಬಿಡಿಸಿಕೊಂಡ.

ಅವರು ಸುಳ್ಳೂರು ಮುಟ್ಟುವ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ. ಬಾಂಬು ಬಿದ್ದ ಗುಂಡಿಗಳಲ್ಲಿ ಜಾಲಿಕಂಟಿ ಬೆಳೆದಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಎತ್ತುಗಳು ಕಂದಕದ ಅಂಚಿನಲ್ಲಿ ಮೂಗರಳಿಸಿ ಹಿಂದೆ ಸರಿದವು. ವೆಂಕೋಬ ಹಾರೆಯಿಂದ ಬುಡ ಸಡಿಲಿಸಿದ. ಬಸವಂತರಾಯ ಕಂಬವನ್ನು ತಬ್ಬಿ ಅಲ್ಲಾಡಿಸಿ ಕಿತ್ತ. ಬುಡದಲ್ಲಿ ಒಂದು ಕುಡಿಕೆ. ಅದರೊಳಗೆ ಮೈತುಂಬ ಮೊಳೆ ಚುಚ್ಚಿದ ಕರಿ ಗೊಂಬೆ. ಅದನ್ನು ಬೂಟಿನಿಂದ ತುಳಿದು ಪುಡಿಮಾಡಿ ಅವನು ಮತ್ತೆ ನಕ್ಕ.

ಒಣಮಣ್ಣಿನಿಂದ ಸೀಮೆಎಣ್ಣೆಯ ವಾಸನೆ ಎದ್ದಿತು. ಅದರ ಬೆನ್ನಿಗೇ ಸುಟ್ಟ ಕೂದಲಿನ ವಾಸನೆ.

ಮೋಡವಿಲ್ಲದ ಆಕಾಶದಲ್ಲಿ ಎಲ್ಲೋ ಗುಂಯ್ ಎಂಬ ಸದ್ದು ಮೊದಲಾಯಿತು. ಕಂದೀಲುಗಳೇ ಇಲ್ಲದ ಕಂಬಗಳ ತುದಿಯಲ್ಲಿ ಒಂದೊಂದಾಗಿ ಬೆಳಕು ಹೊತ್ತಿತು.

"ಹೋಗೂಣ್ರಿ," ಎಂದ ವೆಂಕೋಬ.

ಬಸವಂತರಾಯನಿಗೂ ಓಡಬೇಕೆನಿಸಿತು. ಆದರೆ ಅವನ ಕೈಗಳು ಹಾರೆಯನ್ನೆತ್ತಿ ವೆಂಕೋಬನ ಮೊಣಕಾಲಿಗೆ ಬಾರಿಸಿದವು. ಎಲುಬು ಮುರಿದ ಸದ್ದು ಅವನ ಕಿವಿಗೇ ಬಿತ್ತು. ಬೇಡ, ಬೇಡ ಎಂದು ಮನಸ್ಸು ಚೀರುತ್ತಿತ್ತು. ಕೈ ಕೇಳಲಿಲ್ಲ. ಮಣ್ಣಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸರಪಳಿಯನ್ನು ಆ ಕೈಗಳು ಎಳೆದುಕೊಂಡವು. ಹುಡುಗನನ್ನು ಕೂದಲು ಹಿಡಿದು ಮುಂದಿನ ಕಂಬಕ್ಕೆ ಒಯ್ದವು. ಸೊಂಟಕ್ಕೆ ಸುತ್ತಿದವು. ಎದೆಗೆ. ಕೊರಳಿಗೆ. ವೆಂಕೋಬನ ಬಾಯಿಂದ ರಕ್ತ ಬಂತು, ದನಿ ಬರಲಿಲ್ಲ.

ಕಂದಕ ಭಗ್ಗನೆ ಹೊತ್ತಿಕೊಂಡಿತು. ಉರಿ ನೆಲದ ಮೇಲೆ ಹರಿಯುತ್ತ ಕಂಬದತ್ತ ಬಂತು. ಮೇಲಿನ ಸದ್ದು ತಲೆಯ ಮೇಲೆಯೇ ಇತ್ತು.

ಹುಡುಗನ ಕಣ್ಣು ಹೊರಬರುತ್ತಿದ್ದವು. ಅವು ಬಸವಂತರಾಯನನ್ನೇ ನೋಡುತ್ತಿದ್ದವು. ಕೈಗಳಷ್ಟೇ ತನ್ನ ಮಾತು ಮೀರಿದ್ದವು ಎಂದು ಬಸವಂತರಾಯನಿಗೆ ಹೊಳೆಯಿತು. ಕಾಲು ಇನ್ನೂ ತನ್ನವೇ. ಅವನು ಓಡಿದ. ಕಂದಕದ ಅಂಚಿನಲ್ಲಿ ಬೋರಲು ಬಿದ್ದು, ಎರಡೂ ಕೈಗಳನ್ನು ಮೈಭಾರದಿಂದ ಉರಿಗೆ ಒತ್ತಿದ. ತೊಗಲು ಚಟಪಟ ಸಿಡಿಯಿತು. ಹಲ್ಲು ಕಚ್ಚಿದ. ಒತ್ತಿದ. ಮತ್ತೂ ಒತ್ತಿದ. ನೋವು ಭುಜದವರೆಗೆ ಏರಿತು. ಬೆರಳು ಮಡಿಸು ಎಂದುಕೊಂಡ. ಬೆರಳುಗಳು ಮಡಿಚಿಕೊಂಡವು; ಕೈ ಮತ್ತೆ ಅವನ ಮಾತು ಕೇಳಿತು.

ಎದ್ದ. ಅಳುತ್ತ ಬಂದ. ಕೊರಳಿನ ಸರಪಳಿಗೆ ಬೆಂದ ಬೆರಳು ತೂರಿಸಿದ. ಒಂದು ಸುತ್ತು ಕಳಚಿತು. ಇನ್ನೊಂದು ಬಿಗಿಯಾಗಿತ್ತು. ತೊಗಲು ಕಬ್ಬಿಣಕ್ಕೆ ಅಂಟಿ ಕಿತ್ತುಬಂತು. ಎಳೆದ.

ಹಿಂದಿನಿಂದ ಓಡಿಬರುವ ಹೆಜ್ಜೆ ಕೇಳಿತು. ಬಂಡಿಯ ಜಾಡು ಹಿಡಿದು ಬಂದ ಆದಮ್ಮನಿಗೆ ಕಂಡದ್ದು ಮಗನ ಕೊರಳ ಮೇಲೆ ಬಗ್ಗಿದ ಒಂದು ಬೆನ್ನು. ನೆಲದ ಮೇಲಿದ್ದ ಹಾರೆ ಎತ್ತಿದಳು.

"ಆದಮ್ಮಾ, ನಿಲ್ಲು," ಎನ್ನಲು ಬಸವಂತರಾಯ ತಿರುಗಿದ. ಮಾತು ಮುಗಿಯಲಿಲ್ಲ. ಆಕೆ ಹೊಡೆದಳು. ಬಿದ್ದ ಮೇಲೂ ಹೊಡೆದಳು. ತಲೆ ಒಡೆಯುವವರೆಗೆ ಹೊಡೆದಳು.

ರಕ್ತ ನೆಲಕ್ಕೆ ಇಳಿದಂತೆ ಮೇಲಿನ ಸದ್ದು ಅಡಗಿತು, ಕಂಬಗಳ ಬೆಳಕು ಆರಿತು. ಉರಿ ಕಂದಕದೊಳಗೆ ಸರಿದು ಕೆಂಡವಾಯಿತು. ಸಡಿಲಾದ ಸರಪಳಿ ವೆಂಕೋಬನ ಕೊರಳಿಂದ ತಾನಾಗಿ ಜಾರಿತು. ಅವನು ಬಹಳ ಹೊತ್ತು ಕೆಮ್ಮಿದ.

"ಬಂದೆನಪ್ಪ, ನಾ ಬಂದೆ," ಎಂದು ಆದಮ್ಮ ಅವನ ಮುಖ ಒರೆಸಿದಳು.

ಅವನು ತಾಯಿಯನ್ನು ದೂಡಿದ. "ಅಂವ ಬಿಚ್ಚಾಕತ್ತಿದ್ನಬೇ," ಎಂದ. "ಬಿಚ್ಚಾಕತ್ತಿದ್ದ."

ಆದಮ್ಮ ತಿರುಗಿ ನೋಡಿದಳು. ಕೆಂಡದ ಬೆಳಕಿನಲ್ಲಿ ಸತ್ತವನ ಕೈಗಳು ಕಂಡವು. ಬೆರಳುಗಳ ಮೇಲೆ ತೊಗಲಿರಲಿಲ್ಲ. ಆಕೆ ಮೊಣಕಾಲೂರಿ ಕುಳಿತು, ಸೆರಗು ಹರಿದು, ಆ ಕೈಗಳಿಗೆ ಸುತ್ತತೊಡಗಿದಳು. ಇನ್ನೂ ನೋಯುತ್ತಿರಬಹುದು ಎಂಬಂತೆ, ಮೆಲ್ಲಗೆ.