ಮೂರು ಚುಕ್ಕೆಯ ಆಕ್ಸಲ್

ಈ ಕತೆಯನ್ನು ಮೊದಲು ಹೇಳಿದವರು ಆ ಪ್ರಕರಣದ ಪಂಚನಾಮೆ ಬರೆದ ಮಹಿಳಾ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಅವರು ರೈಟರಕ್ಕ. ನಿವೃತ್ತರಾದ ಮರುವರ್ಷ, ಒಂದು ಭಾನುವಾರ ಸಂಜೆ, ರಿಪೇರಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಏಳೆಂಟು ಮಂದಿಗೆ ಹೇಳಿದ್ದು ಹೀಗೆ.

ಜೂನ್ ಹನ್ನೊಂದು, ಬೆಳಗ್ಗೆ 9.40. ಹೆಂಗಸೊಬ್ಬಳು ಬಂದು ರೈಟರಕ್ಕನ ಮೇಜಿನ ಮುಂದೆ ನಿಂತಳು. ಹಿಂದಿನ ದಿನ ಅವಳ ಗಂಡ ಹೊಸ ಮೋಟಾರ್‌ಸೈಕಲ್ಲಿನಿಂದ ಬಿದ್ದು ಸತ್ತಿದ್ದ. ಮುಂದಿನ ಚಕ್ರ ಕಳಚಿಹೋಗಿತ್ತು. ಅತಿವೇಗವೇ ಕಾರಣ ಎಂದು ಗಾಡಿ ಕಂಪನಿಯವರು ಆಗಲೇ ಠಾಣೆಗೆ ಷರಾ ಬರೆದುಕೊಟ್ಟಾಗಿತ್ತು.

"ಅಕ್ಕಾ, ಅವರು ಗಾಡಿ ಓಡಿಸ್ತಿದ್ರೆ ಸೈಕಲ್‌ನೋರು ದಾಟ್ಕೊಂಡು ಹೋಗ್ತಿದ್ರು. ಅವರದೇ ತಪ್ಪು ಅಂತ ಮಾತ್ರ ಬರೀಬೇಡಿ."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯ ವೇಳೆ ಇನ್‌ಸ್ಪೆಕ್ಟರ್ ಚಕ್ರವನ್ನು ಹಿಡಿದಿಡುವ ಉಕ್ಕಿನ ಸರಳಿನ, ಅಂದರೆ ಆಕ್ಸಲ್ಲಿನ, ಮುರಿದ ತುಂಡನ್ನು ಬೆಳಕಿಗೆ ಹಿಡಿದರು. ಮುರಿದ ಮುಖದ ಅರ್ಧ ಫಳಫಳ ಹೊಳೆಯುತ್ತಿತ್ತು. ಉಳಿದರ್ಧ ಇದ್ದಿಲಿನಂತೆ ಕಪ್ಪು.

"ಈ ಕಪ್ಪು ನಿನ್ನೇದಲ್ಲ ರೈಟರಕ್ಕ. ಗಾಡಿಗೆ ಹಾಕೋ ಮುಂಚೇನೇ ಇದು ಅರ್ಧ ಸೀಳಿತ್ತು. ಇದರ ಒಡಹುಟ್ಟಿದವು ಇನ್ನೆಷ್ಟು ರಸ್ತೆ ಮೇಲಿವೆಯೋ!"

ತುಂಡಿನ ತುದಿಯಲ್ಲಿ ಕೈಯಿಂದ ಹೊಡೆದ ಮೂರು ಚುಕ್ಕೆಗಳಿದ್ದವು. ಅವು ಯಾರ ಕೈಯವು ಎಂದು ತಿಳಿಯಲು ನಾಲ್ಕು ದಿನ ಹಿಡಿಯಿತು.

ಮೊದಲು ಕಾರ್ಖಾನೆ. "ನಾವು ಜೋಡಿಸ್ತೀವಿ ಸಾರ್, ಮಾಡಲ್ಲ," ಎಂದ ಮ್ಯಾನೇಜರು.

"ಟ್ಯಾಂಕಿನ ಮೇಲಿರೋ ಹೆಸರು?" ಇನ್‌ಸ್ಪೆಕ್ಟರ್ ಕೇಳಿದರು.

"ಹೆಸರು ನಮ್ದೇ."

"ಆಕ್ಸಲ್?"

"ಹೊರಗಿನದು. ಮುಂಚೆ ಇಲ್ಲೇ ಮಾಡ್ತಿದ್ವಿ, ಬಿರುಕು ಪತ್ತೆಹಚ್ಚೋ ಯಂತ್ರಾನೂ ಇತ್ತು. ಕೆಲಸ ಹೊರಗೆ ಕೊಟ್ಮೇಲೆ ಅದನ್ನ ತೆಗೆದುಬಿಟ್ವಿ. ಈಗ ಮೂರು ಚುಕ್ಕೆ ಇದೆಯಾ ಅಂತ ನೋಡ್ತೀವಿ."

"ಮತ್ತೆ ಬಿರುಕು?" ರೈಟರಕ್ಕ ಕೇಳಿದರು.

"ಚುಕ್ಕೆ ಹೊಡೆಯೋನು ನೋಡಿರ್ತಾನಲ್ಲ ಮೇಡಂ."

ಕಾರ್ಖಾನೆ ಆ ಕೆಲಸ ಕೊಟ್ಟಿದ್ದ ಗುತ್ತಿಗೆದಾರ, ಉಕ್ಕನ್ನು ಲೇತಿನಲ್ಲಿ ಕಡೆಯುವುದಷ್ಟೇ ತನ್ನದು, ಕಾಯಿಸಿ ಗಟ್ಟಿಮಾಡುವವನು ಬೇರೆ ಎಂದು ಬೆರಳು ತೋರಿಸಿದ. ಆ ಬೆರಳಿನ ತುದಿಯಲ್ಲಿ, ಜೂನ್ ಹದಿನೈದರ ಮಧ್ಯಾಹ್ನ 3.20ಕ್ಕೆ, ಒಂದು ತಗಡಿನ ಶೆಡ್ಡು ಸಿಕ್ಕಿತು.

ಒಳಗೆ ಕುಲುಮೆ, ಎಣ್ಣೆಯ ತೊಟ್ಟಿ. ದೂರದ ಮೂಲೆಯಲ್ಲಿ ಬೆನ್ನು ಹಾಕಿ ಕುಳಿತ ನರೆತಲೆಯವನೊಬ್ಬ ಆಕ್ಸಲ್ಲನ್ನು ಹುರಿಗೆ ತೂಗುಹಾಕಿ, ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಚುಕ್ಕೆ ಹೊಡೆಯುತ್ತಿದ್ದ. ಬಿರುಕಿಲ್ಲದ ಉಕ್ಕು ಗಂಟೆಯಂತೆ ಮೊಳಗುತ್ತದೆ. ಬಿರುಕಿದ್ದರೆ ಒಡಕು ಮಡಕೆಯ ಸದ್ದು.

"ಅವನೇ ನಮ್ಮ ಕಿವಿಯಣ್ಣ ಸಾರ್," ಎಂದ ಶೆಡ್ಡಿನ ಮಾಲೀಕ. "ಯಂತ್ರ ತಪ್ಪಿದ್ರೂ ಅವನು ತಪ್ಪಲ್ಲ."

ಪಂಚನಾಮೆಗಾಗಿ ಯಂತ್ರಗಳನ್ನೆಲ್ಲ ನಿಲ್ಲಿಸಲಾಯಿತು. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ.

"ಕರೀರಿ ಅವನನ್ನ," ಎಂದರು ಇನ್‌ಸ್ಪೆಕ್ಟರ್.

ಮಾಲೀಕ ಕರೆಯಲಿಲ್ಲ. ಶೆಡ್ಡಿನ ಉದ್ದಕ್ಕೂ ನಡೆದುಹೋಗಿ ಕಿವಿಯಣ್ಣನ ಭುಜ ಮುಟ್ಟಿದ.

ರೈಟರಕ್ಕನ ಪೆನ್ನು ನಿಂತಿತು. ಅವರ ಮನೆಯಲ್ಲಿ ಮಾವನವರನ್ನು ಕೊನೆಯ ಎಂಟು ವರ್ಷ ಹೀಗೆಯೇ ಕರೆಯುತ್ತಿದ್ದರು. ಅವರು ಪಂಚನಾಮೆಯ ಹಾಳೆಯ ಮೇಲೆ ಒಂದೇ ಸಾಲು ಬರೆದು ಕಿವಿಯಣ್ಣನ ಮುಂದೆ ಹಿಡಿದರು: "ಯಾವತ್ತಿನಿಂದ ಕೇಳಿಸುತ್ತಿಲ್ಲ?"

ಅವನು ಎರಡು ಸಲ ಓದಿದ. ಸುತ್ತಿಗೆ ಕೆಳಗಿಟ್ಟ.

"ಹೋದ ನವೆಂಬರ್," ಎಂದು ತನ್ನ ದನಿಯ ಅಳತೆ ತಿಳಿಯದೆ ಕೂಗಿದ. "ಕೈಗೆ ಬರೋ ಅದುರಿನಲ್ಲೇ ಗೊತ್ತಾಗುತ್ತೆ ಅಂದ್ಕೊಂಡೆ ತಾಯಿ."

"ಗೊತ್ತಾಯ್ತಾ?" ಎಂದರು ರೈಟರಕ್ಕ.

ತುಟಿ ನೋಡಿ ಅರ್ಥಮಾಡಿಕೊಂಡ. ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಮಾಲೀಕನತ್ತ ಕೈ ತೋರಿಸಿ, "ಇವರಿಗೆ ಹೇಳ್ದೆ. ಸುಮ್ನೆ ಚುಕ್ಕೆ ಹೊಡಿ, ಕಾರ್ಖಾನೆಯೋರಿಗೆ ಬೇಕಾಗಿರೋದು ಅಷ್ಟೇ ಅಂದ್ರು," ಎಂದ.

"ಇನ್ನೇನು ಮಾಡ್ಲಿ ಸಾರ್?" ಎಂದ ಮಾಲೀಕ. "ಚುಕ್ಕೆ ಇಲ್ದಿದ್ರೆ ಮಾಲು ವಾಪಸ್. ಬಾಗಿಲು ಹಾಕಿದ್ರೆ ಹದಿನಾಲ್ಕು ಮನೆ ಒಲೆ ಆರುತ್ತೆ."

"ಒಂದು ಮನೇದು ಆಗ್ಲೇ ಆರಿದೆ," ಎಂದರು ಇನ್‌ಸ್ಪೆಕ್ಟರ್.

5.05ಕ್ಕೆ ಇಬ್ಬರನ್ನೂ ಬಂಧಿಸಲಾಯಿತು. ರವಾನೆ ಪುಸ್ತಕದ ಪ್ರಕಾರ ನವೆಂಬರಿನಿಂದ ಹೊರಟ ಆಕ್ಸಲ್ಲುಗಳು ಹನ್ನೊಂದು ಸಾವಿರದ ಮೇಲೆ. ಬಿಚ್ಚಿ ಪರೀಕ್ಷಿಸದೆ ಯಾವುದು ಗಟ್ಟಿ, ಯಾವುದು ಸೀಳು ಎಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಇನ್‌ಸ್ಪೆಕ್ಟರ್ ಅಲ್ಲಿಂದಲೇ ಕಾರ್ಖಾನೆಗೆ ಫೋನ್ ಮಾಡಿ, ಆ ಗಾಡಿಗಳನ್ನೆಲ್ಲ ಇವತ್ತೇ ವಾಪಸ್ ಕರೆಸಿ ಎಂದು ಅಂಗಲಾಚಿದರು. ಗುರುವಾರ ಮೀಟಿಂಗ್ ಇದೆ, ಅಲ್ಲಿ ವಿಷಯ ಇಡುತ್ತೇವೆ ಎಂಬ ಉತ್ತರ ಬಂತು.

ಜೀಪಿನಲ್ಲಿ ಕಿವಿಯಣ್ಣ ರೈಟರಕ್ಕನ ಕಡೆ ಬಾಗಿದ. "ನಮ್ಮಪ್ಪ ಕಲಿಸಿದ್ದು ಇದೊಂದೇ ತಾಯಿ. ಮೂವತ್ತು ವರ್ಷ ಜನ ನನ್ನ ಕಿವಿ ನಂಬಿ ಗಾಡಿ ಹತ್ತಿದ್ರು. ಅದೂ ಹೋಯ್ತು ಅಂದ್ರೆ ನಾನು ಯಾರು?"

ರೈಟರಕ್ಕ ಅದನ್ನು ಹೇಳಿಕೆಯಲ್ಲಿ ಬರೆದುಕೊಳ್ಳಲಿಲ್ಲ. ಬರೆಯುವ ಕಾಲಂ ಇರಲಿಲ್ಲ. ಠಾಣೆಗೆ ಬಂದು, ಆ ಹೆಂಗಸಿನ ಕಡತದಲ್ಲಿದ್ದ 'ಅತಿವೇಗ' ಎಂಬುದಕ್ಕೆ ಅಡ್ಡಗೆರೆ ಎಳೆದು ಇನ್‌ಸ್ಪೆಕ್ಟರ್ ಸಹಿ ಹಾಕಿಸಿದರು.

ಅಲ್ಲಿಗೆ ರೈಟರಕ್ಕ ಕತೆ ಮುಗಿಸಿದರು.

"ಆ ಗಾಡಿಗಳೆಲ್ಲ ವಾಪಸ್ ಬಂದ್ವಾ ಅಕ್ಕ?" ಒಬ್ಬ ಕೇಳಿದ.

"ಅರ್ಧಕ್ಕರ್ಧ."

ಒಬ್ಬೊಬ್ಬರಾಗಿ ಎದ್ದರು. ಪ್ರಶ್ನೆ ಕೇಳಿದವನು ತನ್ನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸ್ಪ್ಯಾನರಿನಿಂದ ಆಕ್ಸಲ್ಲಿನ ತುದಿಯನ್ನು ಮೆಲ್ಲನೆ ತಟ್ಟಿ ಕಿವಿಯಿಟ್ಟ. ಮತ್ತೊಮ್ಮೆ ತಟ್ಟಿದ. ಆಮೇಲೆ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಗಾಡಿಯನ್ನು ತಳ್ಳಿಕೊಂಡೇ ಮನೆಯ ದಾರಿ ಹಿಡಿದ.